ಕರುವಿನ ಲಸಿಕೆ ನನ್ನ ಹೆಬ್ಬೆರಳಿಗೆ ಇಳಿದಾಗ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಡೈರಿಗೆ ಹಾಲು ಹಾಕಿ ಬಂದವರು ಕರುಗಳನ್ನು ಹಿಡಿದುಕೊಂಡು ನಿಂತಿದ್ದರು. ಅವತ್ತು ಕಂದು ರೋಗದ, ಅಂದರೆ ಹಸುಗಳಿಗೆ ಗರ್ಭಪಾತ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಕಾಯಿಲೆಯ ಲಸಿಕೆ; ಹೆಸರು ಎಸ್-19. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಒಂದೇ ಸಲ ಹಾಕುವಂಥದ್ದು. ನಾನು ಕರುವಿನ ಕತ್ತಿನ ಚರ್ಮ ಎತ್ತಿ ಹಿಡಿದು ಸೂಜಿ ಇಟ್ಟಿದ್ದೆ. ಅದೇ ಹೊತ್ತಿಗೆ ಆ ಕಡೆಯಿಂದ ನಮ್ಮ ಸಹಾಯಕ 12 ಅಂಕಿಯ ಹಳದಿ ಕಿವಿಯೋಲೆ ಒತ್ತಿದ. ಕರು ತಲೆ ಒದರಿತು. ಸೂಜಿ ಚರ್ಮದ ಮಡಿಕೆ ದಾಟಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು.

"ಏನಾಯ್ತು ಸಾರ್?" ಅಂದರು ಕರು ಹಿಡಿದಿದ್ದವರು. "ಏನಿಲ್ಲ ಬಿಡಿ" ಅಂದು ಕೈ ತೊಳೆದು ಉಳಿದ ಕರುಗಳಿಗೂ ಹಾಕಿ ಮುಗಿಸಿದೆ. ಎಸ್-19 ಜೀವಂತ ಬ್ಯಾಕ್ಟೀರಿಯಾದ ಲಸಿಕೆ. ಕರುವನ್ನು ಕಾಪಾಡುವ ಅದೇ ಹನಿ ಮನುಷ್ಯನ ಮೈಗೆ ಹೊಕ್ಕರೆ ಕಾಯಿಲೆ ತರಬಲ್ಲದು. ಇದನ್ನು ಓದಿ ಪಾಸಾದವನು ನಾನು. ಗೊತ್ತಿದ್ದೂ ಸುಮ್ನಿದ್ದೆ. ಆ ತಪ್ಪು ಪೂರ್ತಿ ನನ್ನದೇ.

ಮೂರು ವಾರ ಕಳೆದ ಮೇಲೆ ಸಂಜೆಯಾದರೆ ಜ್ವರ ಶುರುವಾಯಿತು. ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಸೊಂಟ ಹಿಡಿದುಕೊಂಡು ಬೈಕ್ ಹತ್ತುವುದೇ ಕಷ್ಟವಾಯಿತು. ಮೊದಲು ಟೈಫಾಯ್ಡ್ ಅಂತ ಮಾತ್ರೆ ನುಂಗಿದೆ. ಚುಚ್ಚಿಕೊಂಡ ವಿಷಯವನ್ನು ಡಾಕ್ಟರಿಗೆ ನಾನೇ ಹೇಳಿರಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಿದ ಮೇಲೆ ರಕ್ತಪರೀಕ್ಷೆ ಮಾಡಿಸಿದರು. ಬ್ರುಸೆಲ್ಲಾ ಇತ್ತು. ಆರು ವಾರ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್. ರಿಫಾಂಪಿಸಿನ್‌ಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ, ಮೊದಲ ದಿನ ಮನೆಯವಳು ಹೆದರಿಬಿಟ್ಟಳು.

ಈಗ ನಮ್ಮ ತಂಡದಲ್ಲಿ ಕಿವಿಯೋಲೆ ಬೇರೆ, ಲಸಿಕೆ ಬೇರೆ. ಓಲೆ ಹಾಕಿ, ಕರು ಸುಮ್ಮನಾದ ಮೇಲೆಯೇ ನಾನು ಸಿರಿಂಜ್ ಕೈಗೆ ತೆಗೆದುಕೊಳ್ಳುತ್ತೇನೆ. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಕರುವನ್ನು ಗೋಡೆಗೆ ಒತ್ತಿಕೊಳ್ಳಬೇಕು. ಹೀಗೆ ಮಾಡಿದರೆ ಬೆಳಗ್ಗೆ ಆಗುವ ಕರುಗಳ ಸಂಖ್ಯೆ ಕಮ್ಮಿಯಾಗುತ್ತದೆ, ನಿಜ. ಆಗಲಿ ಬಿಡಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಅಭ್ಯಾಸವನ್ನು ಪೂರ್ತಿ ಬಿಟ್ಟಿದ್ದೇವೆ. ಸೂಜಿ ತೂರದ ದಪ್ಪ ಡಬ್ಬ ಪಕ್ಕದಲ್ಲೇ ಇರುತ್ತದೆ, ನೇರ ಅದಕ್ಕೇ.

ಕನ್ನಡಕದ ಬಗ್ಗೆ ಹುಡುಗರು ಗೊಣಗುತ್ತಾರೆ, ಸೆಕೆ ಅಲ್ವಾ. ಅವರಿಗೆ ನಾನು ಲಸಿಕೆ ಕಲೆಸುವುದನ್ನು ತೋರಿಸುತ್ತೇನೆ. ಸೀಸೆಗೆ ದ್ರಾವಣ ಬಿಟ್ಟು ಸೂಜಿ ಎಳೆಯುವಾಗ ಒಳಗಿನ ಒತ್ತಡಕ್ಕೆ ಸಣ್ಣಗೆ ಚಿಮ್ಮುತ್ತದೆ. ಮುಖ ಬಗ್ಗಿಸಿ ನೋಡುತ್ತಿದ್ದರೆ ಕಣ್ಣಿಗೇ. ಗರ್ಭಿಣಿಯರನ್ನು ಈ ಕೆಲಸದ ಹತ್ತಿರ ಬಿಡುವುದಿಲ್ಲ. ಕಳೆದ ಸಲ ನಮ್ಮ ಜೊತೆಗಿದ್ದ ಪಶು ಸಖಿಗೆ (ಹಳ್ಳಿಯಲ್ಲಿ ದನಕರುಗಳ ಆರೈಕೆಗೆ ನೆರವಾಗುವ ಕಾರ್ಯಕರ್ತೆ) ಐದು ತಿಂಗಳು. "ಇಲ್ಲಿ ಬೇಡಮ್ಮ, ಮನೆಮನೆಗೆ ಹೋಗಿ ಹೇಳಿ ಬಾ" ಅಂದೆ. ಕಂದು ಹಾಕಿದ (ಗರ್ಭಪಾತವಾದ) ಹಸು, ಕಸ (ಮಾಸು) ಬೀಳದ ಹಸು ಅಂತ ಕರೆ ಬಂದರೆ ಭುಜದವರೆಗಿನ ಗ್ಲೌಸ್ ಇಲ್ಲದೆ ಕೈ ಹಾಕುವುದಿಲ್ಲ.

ಇಷ್ಟಾದರೂ ಯಾರಿಗಾದರೂ ಚುಚ್ಚಿದರೆ, ಕೆಲಸ ಅಲ್ಲಿಗೇ ನಿಲ್ಲಿಸಿ. ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸೀಸೆಯ ಲೇಬಲ್ ಫೋಟೊ ತೆಗೆದುಕೊಂಡು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇದು ಜೀವಂತ ಬ್ರುಸೆಲ್ಲಾ ಲಸಿಕೆ ಅಂತ ಬಾಯಿಬಿಟ್ಟು ಹೇಳಿ. ಜ್ವರ ಬರುವವರೆಗೆ ಕಾಯದೆ ಮುಂಚೆಯೇ ಮಾತ್ರೆ ಶುರು ಮಾಡಬಹುದು.