ತಕರಾರು ವಹಿಯಿಂದ ಕೆರೆ ಸಂಘ: ಹಾನಗಲ್ಲ ತಾಲೂಕಿನ ನನ್ನ ಅನುಭವ

ಕೆರೆಯ ಹೂಳು ತೆಗೆಸಿ ಅದನ್ನು ನೋಡಿಕೊಳ್ಳಲು ಊರವರ ‘ಕೆರೆ ಬಳಕೆದಾರರ ಸಂಘ’ ಕಟ್ಟುವ ಮೊದಲು ಜನರಿಂದ ಒಪ್ಪಿಗೆಯ ಸಹಿ ಪಡೆಯುವ ಬದಲು ಅವರ ತಕರಾರುಗಳನ್ನು ಒಂದು ವಹಿಯಲ್ಲಿ, ಅಂದರೆ ಪುಸ್ತಕದಲ್ಲಿ, ಬರೆಸಿಕೊಳ್ಳಬೇಕು ಎಂದು ನಾನು ಹೇಳಿದಾಗ ನಮ್ಮ ಕಚೇರಿಯಲ್ಲಿ ನಗದವರಿರಲಿಲ್ಲ. ‘ಬೇಡ’ ಎಂದು ಬರೆಸಿದವರ ಮನೆಗೇ ಮುಂದೆ ಯಾವ ಮುಖ ಹೊತ್ತು ವಂತಿಗೆ ಕೇಳಲು ಹೋಗುತ್ತೀರಿ ಎಂಬುದು ಎಂಜಿನಿಯರರ ಪ್ರಶ್ನೆಯಾಗಿತ್ತು. ಈಗ ಹಾಗೆ ತಕರಾರು ಬರೆಸಿ ಕೆಲಸ ಶುರು ಮಾಡಿದ ಕೆರೆಯಿಂದ ನಾಲ್ಕು ಸಾವಿರದಷ್ಟು ಟ್ರಾಲಿ ಹೂಳು ರೈತರ ಹೊಲ ಸೇರಿದೆ, ಅದರ ಖರ್ಚನ್ನೆಲ್ಲ ರೈತರೇ ಹೊತ್ತಿದ್ದಾರೆ, ಸಂಘವೂ ಉಸಿರಾಡುತ್ತಿದೆ. ಹೀಗಾಗಿ ನಾಲ್ಕು ಮಾತು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಅದಕ್ಕೂ ಹಿಂದೆ ಕೆಲಸ ಮಾಡಿದ ಎರಡು ಊರುಗಳಲ್ಲಿ ಎಲ್ಲವೂ ಕ್ರಮಬದ್ಧವಾಗಿಯೇ ನಡೆದಿತ್ತು. ಡಂಗುರ ಸಾರಿದ್ದೆವು, ಗುಡಿಕಟ್ಟೆಯ ಮೇಲೆ ಸಭೆ ಸೇರಿಸಿದ್ದೆವು, ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿದ್ದೆವು. ಕೇಳಿದ್ದಕ್ಕೆಲ್ಲ “ಹೂಂ ರೀ ಸಾಹೇಬ್ರ, ನೀವು ಹೇಳಿದಂಗ ಆಗ್ಲಿ” ಎಂಬ ಉತ್ತರ ಬಂದಿತ್ತು. ಒಂದು ಊರಿನಲ್ಲಿ ಜನರ ವಂತಿಗೆಯನ್ನು ಗುತ್ತಿಗೆದಾರನೇ ತುಂಬಿ, ಊರವರ ಹೆಸರಿನಲ್ಲಿ ರಸೀದಿ ಹರಿಸಿಕೊಂಡಿದ್ದ. ಜೆಸಿಬಿ ಊರು ಬಿಟ್ಟ ಮರುವರ್ಷ ಸಂಘದ ಬ್ಯಾಂಕ್ ಖಾತೆಯಲ್ಲಿ ಐದಾರು ನೂರು ರೂಪಾಯಿ ಉಳಿದಿತ್ತು, ಕೆರೆಗೆ ನೀರು ತರುವ ಪೋಷಕ ಕಾಲುವೆಯಲ್ಲಿ ಜಾಲಿ ಬೆಳೆದಿತ್ತು. ಇನ್ನೊಂದು ಊರಿನಲ್ಲಿ ಎರಡೂವರೆ ಲಕ್ಷದಷ್ಟು ಹಣ ಖರ್ಚಾದ ಮೇಲೆ, ಕೆರೆಯಿಂದ ನೀರು ಬಿಡುವ ತೂಬು ತೆರೆಯಬೇಕೋ ಮುಚ್ಚಬೇಕೋ ಎಂಬ ಜಗಳದಲ್ಲಿ ಸಂಘ ಒಡೆದುಹೋಯಿತು. ಅಚ್ಚುಕಟ್ಟಿನವರಿಗೆ, ಅಂದರೆ ಕೆರೆಯ ನೀರು ಹಾಯುವ ಹೊಲದವರಿಗೆ, ಭತ್ತಕ್ಕೆ ನೀರು ಬೇಕಿತ್ತು; ಬೋರ್‌ವೆಲ್ ಇದ್ದವರಿಗೆ ನೀರು ಕೆರೆಯಲ್ಲೇ ನಿಂತು ಇಂಗಬೇಕಿತ್ತು. ಈ ಭಿನ್ನಾಭಿಪ್ರಾಯ ಮೊದಲ ದಿನದಿಂದಲೂ ಇತ್ತು, ಆದರೆ ನಡಾವಳಿ ಪುಸ್ತಕದಲ್ಲಿ ಅದರ ಸುಳಿವೇ ಇರಲಿಲ್ಲ.

ಹಾನಗಲ್ಲ ಸೀಮೆಯ ಜನ ಸರ್ಕಾರದ ‘ಸಹಭಾಗಿತ್ವ’ವನ್ನು ಸುಲಭವಾಗಿ ನಂಬುವವರಲ್ಲ, ಅದಕ್ಕೆ ಕಾರಣವೂ ಇದೆ. ಊರೊಟ್ಟಿನ ಜಮೀನುಗಳು ಸರ್ಕಾರವೂ ಪಾಲುದಾರನಾಗಿದ್ದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯ ನೀಲಗಿರಿ ನೆಡುತೋಪಿಗೆ ಹೋಗುವುದನ್ನು ವಿರೋಧಿಸಿ, 1987ರ ನವೆಂಬರ್ 14ರಂದು ಇದೇ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗಕ್ಕೆ ಬರುವ ಸಸಿಗಳನ್ನು ನೆಟ್ಟರು. ಅದನ್ನು ಕಂಡವರು, ಕೇಳಿದವರು ಈ ಭಾಗದಲ್ಲಿ ಇನ್ನೂ ಇದ್ದಾರೆ. “ಇದೂ ನೀಲಗಿರಿ ಗತೆ ಏನ್ರಿ? ಕೆರಿ ಯಾರ ಹೆಸರಿಗೆ ಮಾಡ್ತೀರಿ?” ಎಂದು ಒಬ್ಬ ಹಿರಿಯರು ಕೇಳಿದ ಪ್ರಶ್ನೆಯೇ ನನ್ನ ವಹಿಯ ಮೊದಲ ತಕರಾರು. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದುದರಿಂದ ಅದು ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ ಸೇರಿತ್ತು. ಆ ದಾಖಲೆಯ ನಕಲು ತಂದು ವಹಿಗೆ ಅಂಟಿಸಿದ ಮೇಲೆಯೇ ಅವರು ಎರಡನೆಯ ಮಾತು ಆಡಿದ್ದು.

ವಿಧಾನ ಇಷ್ಟೇ. ಸಭೆ ಕರೆಯುವುದಕ್ಕೆ ಮೊದಲು ಒಂದು ಬೇಸಿಗೆಯುದ್ದಕ್ಕೂ ಮನೆ, ಹೊಲ, ಕುರಿಹಟ್ಟಿಗಳಿಗೆ ಹೋಗಿ, ಹೇಳಿದವರ ಮಾತಿನಲ್ಲೇ ತಕರಾರು ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಎದುರುತ್ತರ ಕೊಡಬಾರದು. ಎಂಜಿನಿಯರರನ್ನು ಜೊತೆಗೆ ಕರೆದೊಯ್ಯಲೇಬಾರದು. ಅವರಿಗೆ ಸುಮ್ಮನೆ ಕೇಳಿಸಿಕೊಳ್ಳಲು ಆಗುವುದಿಲ್ಲ. ನೂರು ನೂರಿಪ್ಪತ್ತು ತಕರಾರುಗಳು ಬಂದವು. ಅವುಗಳಲ್ಲಿ ಅರ್ಧದಷ್ಟು ಒಂದೇ ಮಾತಿನ ಮರುಕಳಿಕೆ. ಉಳಿದವುಗಳಿಂದ ಸಂಘದ ನಿಯಮಗಳು ತಾವಾಗಿಯೇ ಹುಟ್ಟಿದವು.

ಎರಡು ಎಮ್ಮೆ ಸಾಕಿದ ಅಜ್ಜಿಯೊಬ್ಬರು, “ಹೂಳ ತಗದ್ರ ಎಮ್ಮಿ ಇಳಿಯೂದು ಹ್ಯಾಂಗೋ ತಮ್ಮಾ, ಗುಂಡ್ಯಾಗ ಬಿದ್ದು ಸಾಯ್ತಾವು” ಎಂದು ಬರೆಸಿದರು. ಅವರ ಮಾತು ಅಕ್ಷರಶಃ ಸರಿಯಾಗಿತ್ತು. ಜೆಸಿಬಿ ಬಾವಿಯಂತೆ ನೆಟ್ಟಗೆ ತೋಡಿದ ಗುಂಡಿಗಳಲ್ಲಿ ದನಗಳೂ ಮಕ್ಕಳೂ ಮುಳುಗಿದ ಉದಾಹರಣೆಗಳು ನಮಗೆಲ್ಲ ಗೊತ್ತೇ ಇವೆ. ಆದ್ದರಿಂದ ಊರ ಕಡೆಯ ದಂಡೆಯಿಂದ ಇಳಿಜಾರಾಗಿ, ಪದರ ಪದರವಾಗಿಯೇ ಹೂಳು ತೆಗೆಯಬೇಕು ಎಂಬ ನಿಯಮವಾಯಿತು. ಯಂತ್ರದ ತಾಸು ನೂರಕ್ಕೆ ಹತ್ತರಷ್ಟು ಹೆಚ್ಚಾಯಿತು, ಎಂಜಿನಿಯರರು ಗೊಣಗಿದರು, ಆದರೆ ಆ ಓಣಿಯ ಹೆಣ್ಣುಮಕ್ಕಳು ಅಂದಿನಿಂದ ಸಂಘದ ಪರವಾಗಿ ನಿಂತರು. ಹಿಂದಿನ ಊರಿನ ಸಂಘವನ್ನು ಒಡೆದಂಥ ತೂಬಿನ ಜಗಳಕ್ಕೂ ಇಲ್ಲಿ ವಹಿಯಲ್ಲೇ ಉತ್ತರ ಸಿಕ್ಕಿತು: ತೂಬಿನ ಕೆಳಗಿನಿಂದ ಎರಡನೆಯ ಮೆಟ್ಟಿಲು ಕಾಣಿಸಿಕೊಂಡ ಮೇಲೆ ಯಾರೇ ಕೇಳಿದರೂ ನೀರು ಬಿಡುವಂತಿಲ್ಲ, ಉಳಿದದ್ದು ದನಕರುಗಳ ಪಾಲು.

ಈ ನಡುವೆ, ಕೆರೆಯ ನೀರು ಮೊದಲು ಯಾವುದಕ್ಕೆ ಎಂದು ತಿಳಿಯಲು, ಒಂದೊಂದು ಬಳಕೆಗೆ ಒಂದೊಂದು ಗುಂಪು ಮಾಡಿ ಬೀಜ ಹಾಕಿಸುವ ಹುಣಸೆಬೀಜದ ಮತದಾನವನ್ನೂ ಪರೀಕ್ಷಿಸಿ ನೋಡಿದೆ. ಎಲ್ಲರೆದುರು ಬೀಜ ಹಾಕಿಸಿದಾಗ, ಊರಿನ ದೊಡ್ಡವರು ಹಾಕಿದ ಭತ್ತದ ನೀರಿನ ಗುಂಪೇ ಬೆಳೆಯುತ್ತ ಹೋಯಿತು. ವಾರದ ನಂತರ ಬಾಯಿಗೆ ಬಟ್ಟೆ ಕಟ್ಟಿ ಸಣ್ಣ ತೂತು ಬಿಟ್ಟ ಮಡಕೆಗಳನ್ನು ಕೋಣೆಯೊಳಗಿಟ್ಟು ಅದೇ ಜನರಿಂದ ಹಾಕಿಸಿದೆ. ದನಗಳ ನೀರಿನ ಮಡಕೆ ಎಲ್ಲಕ್ಕಿಂತ ಭಾರವಾಗಿತ್ತು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಜೆಸಿಬಿ ತಾಸಿಗೆ ಒಂಬೈನೂರರ ಆಸುಪಾಸು ಇತ್ತು, ತಾಸಿಗೆ ಹನ್ನೆರಡು ಹದಿಮೂರು ಟ್ರಾಲಿ ತುಂಬುತ್ತಿತ್ತು. ರೈತರಿಂದ ಟ್ರಾಲಿಗೆ ಎಂಬತ್ತು ರೂಪಾಯಿ ಪಡೆದೆವು. ಟ್ರ್ಯಾಕ್ಟರ್, ಡೀಸೆಲ್ ಅವರದೇ. ಒಟ್ಟು ಮೂರು ಲಕ್ಷದ ಮೇಲೆ ಸೇರಿ, ಯಂತ್ರದ ಬಾಡಿಗೆ ಕಳೆದು ಮೂವತ್ತು ನಾಲ್ವತ್ತು ಸಾವಿರ ಸಂಘಕ್ಕೆ ಉಳಿಯಿತು. ಐನೂರು ರೂಪಾಯಿ ಮುಂಗಡ ಕೊಡದವರ ಹೆಸರನ್ನು ಸರದಿಯಲ್ಲಿ ಬರೆಯಲೇ ಇಲ್ಲ. ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೆ ಮೊದಲ ಸರದಿ ಕೊಟ್ಟೆವು, ಏಕೆಂದರೆ ಹೂಳಿನ ಗುಣ ಅಲ್ಲಿ ಒಂದೇ ಹಂಗಾಮಿನಲ್ಲಿ ಕಣ್ಣಿಗೆ ಕಾಣುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಹಾಕಿಸಿ ಫಲ ಕಾಣದವನು ಊರೆಲ್ಲ ಅಪಪ್ರಚಾರ ಮಾಡುತ್ತಾನೆ.

ಪೋಷಕ ಕಾಲುವೆಯನ್ನು ಒತ್ತಿ ಉಳುಮೆ ಮಾಡುತ್ತಿದ್ದ ಇಬ್ಬರಿಂದ ಸರ್ವೆಯವರನ್ನು ಕರೆಸದೆ ಜಾಗ ಬಿಡಿಸಿದ್ದು ಹೇಗೆ ಎಂದು ಅನೇಕ ಸಂಘಟಕ ಮಿತ್ರರು ಕೇಳುತ್ತಾರೆ. ಅದನ್ನು ಇಲ್ಲಿ ಬರೆದರೆ ಮುಂದಿನ ಊರಿನಲ್ಲಿ ನನಗೇ ನಡೆಯದು. ತಕರಾರು ಬರೆಸಲು ಎಲ್ಲರಿಗಿಂತ ಮೊದಲು ಅವರ ಮನೆಗೇ ಹೋಗಿದ್ದೆ ಎಂಬುದಷ್ಟನ್ನು ಹೇಳಬಲ್ಲೆ.

ಇತ್ಯರ್ಥವಾಗದ ಎಂಟು ಹತ್ತು ತಕರಾರುಗಳು ವಹಿಯಲ್ಲಿ ಈಗಲೂ ಇವೆ. ಹದಿನೈದು ಸಾವಿರದಿಂದ ಅರವತ್ತು ಸಾವಿರದ ಹತ್ತಿರಕ್ಕೆ ಏರಿದ ಮೀನಿನ ಹರಾಜಿನ ಹಣ ಪಂಚಾಯಿತಿಗೆ ಸೇರಬೇಕೋ ಸಂಘಕ್ಕೆ ಸೇರಬೇಕೋ ಎಂಬುದೇ ಅವುಗಳಲ್ಲಿ ದೊಡ್ಡದು. ಅವನ್ನು ಹೊಡೆದುಹಾಕಿ ಹೊಸ ವಹಿ ತೆರೆಯೋಣ ಎಂದು ಪದಾಧಿಕಾರಿಗಳು ಬಂದಾಗ ನಾನು ಒಪ್ಪಲಿಲ್ಲ. ಎರಡನೆಯ ಸುತ್ತಿನ ಹೂಳಿಗೆ ಈಗ ಮುಂಗಡ ಕಟ್ಟಿರುವವರಲ್ಲಿ ಹೆಚ್ಚಿನವರು ಆ ವಹಿಯಲ್ಲಿ ಹೆಸರಿದ್ದವರೇ ಆಗಿದ್ದಾರೆ.