ರಿಮೋಟ್ ಸ್ಟಾರ್ಟರ್ ಕೈಕೊಟ್ಟಾಗ: ವೈರಿಂಗ್ ದೋಷ ಹುಡುಕುವ ನನ್ನ ಕ್ರಮ

ವಿನಿಪೆಗ್‌ನಲ್ಲಿ ಜನವರಿ ಬೆಳಿಗ್ಗೆ ಮೈನಸ್ 30 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹೊರಗೆ ನಿಂತ ಕಾರನ್ನು ಮನೆಯೊಳಗಿಂದಲೇ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡುವ ರಿಮೋಟ್ ಸ್ಟಾರ್ಟರ್ ಇಲ್ಲಿ ದಿನನಿತ್ಯದ ಅಗತ್ಯ. ಕಂಪನಿಯಿಂದಲೇ ಈ ಸೌಲಭ್ಯ ಬರದ ಹಳೆಯ ಕಾರುಗಳಿಗೆ ಹೊರಗಿನ ಕಿಟ್ ಹಾಕಿಸಿಕೊಂಡ ಕನ್ನಡಿಗರೂ ಇಲ್ಲಿ ಸಾಕಷ್ಟಿದ್ದಾರೆ. ಅದು ಕೆಲಸ ನಿಲ್ಲಿಸಿದ ಕೂಡಲೇ ಎಲ್ಲರ ಅನುಮಾನ ಹೋಗುವುದು ಮಾಡ್ಯೂಲ್, ಅಂದರೆ ಕಿಟ್ಟಿನ ಕಂಟ್ರೋಲ್ ಡಬ್ಬಿಯ ಮೇಲೆ. ನಾನು ಕಂಡಂತೆ ಮಾಡ್ಯೂಲ್ ಕೆಡುವುದು ಅಪರೂಪ. ಕೆಡುವುದು ಜಾಯಿಂಟು, ಅರ್ಥಿಂಗ್ ಮತ್ತು ಸ್ವಿಚ್ಚು. ಹಾಗಾಗಿ ಹೊಸ ಮಾಡ್ಯೂಲಿಗೆ ದುಡ್ಡು ಹಾಕುವ ಮುನ್ನ ಒಂದೊಂದೇ ವೈರನ್ನು ಅಳೆದು ನೋಡಬೇಕು. ಇಲ್ಲಿ ಬರೆದಿರುವುದು ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ, ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಕಾರುಗಳಿಗೆ ಅನ್ವಯ.

ಬೇಕಾದ ಮುಖ್ಯ ಸಾಧನ ಡಿಜಿಟಲ್ ಮಲ್ಟಿಮೀಟರ್. ಅತಿ ಕಡಿಮೆ ಮತ್ತು ಅತಿ ಹೆಚ್ಚು ರೀಡಿಂಗನ್ನು ಹಿಡಿದಿಡುವ ಸೌಲಭ್ಯ ಅದರಲ್ಲಿದ್ದರೆ ಅನುಕೂಲ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬಳಸಬೇಡಿ. ಬಲ್ಬು ಎಳೆಯುವ ಕರೆಂಟು ಡೇಟಾ ವೈರಿಗೆ ತಾಗಿದರೆ ಕಾರಿನ ಕಂಪ್ಯೂಟರ್ ಸುಡಬಹುದು. ಸ್ಟೀರಿಂಗ್ ಕೆಳಗೆ ಕಾಣುವ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ಬಿಚ್ಚಿದರೆ ಇಗ್ನಿಷನ್ ಸ್ವಿಚ್ಚಿಗೆ ಹೋಗುವ ದಪ್ಪ ವೈರುಗಳು ಸಿಗುತ್ತವೆ. ಕಿಟ್ ಕಡೆಯಲ್ಲಿ ಹಲವು ಬ್ರ್ಯಾಂಡುಗಳು ಕೆಂಪು ಬ್ಯಾಟರಿಗೆ, ಗುಲಾಬಿ ಇಗ್ನಿಷನ್ನಿಗೆ, ಕಿತ್ತಳೆ ಆಕ್ಸೆಸರಿಗೆ (ಹೀಟರ್ ಬ್ಲೋವರ್, ರೇಡಿಯೊದಂಥವಕ್ಕೆ), ನೇರಳೆ ಸ್ಟಾರ್ಟರಿಗೆ ಎಂದು ಕೊಡುತ್ತವೆ. ಎಲ್ಲ ಬ್ರ್ಯಾಂಡುಗಳೂ ಹಾಗೆ ಕೊಡುವುದಿಲ್ಲ. ಕಾರಿನ ಕಡೆಯ ಬಣ್ಣವಂತೂ ಮಾಡೆಲ್ ವರ್ಷ ಬದಲಾದರೆ ಬದಲಾಗುತ್ತದೆ. ಬಣ್ಣದ ಪಟ್ಟಿ ಎಲ್ಲಿ ಹುಡುಕಬೇಕು ಎಂಬುದನ್ನಷ್ಟೇ ಹೇಳುತ್ತದೆ, ಖಾತ್ರಿ ಮಾಡಿಕೊಳ್ಳಬೇಕಾದ್ದು ಮೀಟರಿನಿಂದಲೇ.

ಮೀಟರಿನ ಕಪ್ಪು ಪ್ರೋಬನ್ನು ಬಣ್ಣ ಬಳಿಯದ ಬಾಡಿ ಬೋಲ್ಟಿಗೆ ಇಟ್ಟು, ಕೀಲಿಯನ್ನು ಒಂದೊಂದೇ ಹಂತ ತಿರುಗಿಸುತ್ತಾ ಹೋಗಿ. ಬ್ಯಾಟರಿ ವೈರಿನಲ್ಲಿ ಎಲ್ಲ ಹಂತದಲ್ಲೂ 12 ವೋಲ್ಟ್ ಇರುತ್ತದೆ. ಇಗ್ನಿಷನ್ ವೈರಿನಲ್ಲಿ ಕೀಲಿ ಆನ್ ಇದ್ದಾಗಲೂ, ಸೆಲ್ಫ್ ಹೊಡೆಯುವಾಗಲೂ ಇರುತ್ತದೆ. ಆಕ್ಸೆಸರಿ ವೈರು ಆನ್‌ನಲ್ಲಿ 12 ತೋರಿಸಿ, ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬಿದ್ದು, ಮತ್ತೆ ಮೇಲೇಳುತ್ತದೆ. ಸ್ಟಾರ್ಟರ್ ವೈರಿಗೆ ಸೆಲ್ಫ್ ಹೊಡೆಯುವಾಗ ಮಾತ್ರ ಜೀವ. ಇಗ್ನಿಷನ್ನಿಗೂ ಆಕ್ಸೆಸರಿಗೂ ಇರುವ ವ್ಯತ್ಯಾಸ ಆ ಒಂದೆರಡು ಸೆಕೆಂಡಿನಲ್ಲಷ್ಟೇ ಕಾಣುವುದರಿಂದ, ಸೆಲ್ಫ್ ಹೊಡೆಯದೆ ಗುರುತಿಸಿದ ವೈರನ್ನು ಗುರುತಿಸಿದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇವೆರಡು ಅದಲುಬದಲಾದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ.

ಇನ್ನು ಲಕ್ಷಣಗಳು. ರಿಮೋಟ್ ಒತ್ತಿದರೆ ಏನೂ ಆಗದಿದ್ದರೆ ಮುಖ್ಯ ಕೆಂಪು ವೈರುಗಳ ಫ್ಯೂಸ್ ನೋಡಿ. ಸಾಮಾನ್ಯವಾಗಿ 30 ಆಂಪಿಯರಿನವು ಎರಡಿರುತ್ತವೆ. ಫ್ಯೂಸ್ ಸರಿಯಿದ್ದರೂ ಹೋಲ್ಡರ್ ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಹಿಡಿತ ಸಡಿಲವಾಗಿ ಬಿಸಿಯಾಗಿದೆ, ಹೋಲ್ಡರನ್ನೇ ಬದಲಿಸಬೇಕು. ಎರಡೂ ಕೆಂಪು ವೈರುಗಳನ್ನು ಕಾರಿನ ಒಂದೇ ಸಣ್ಣ ವೈರಿಗೆ ಸೇರಿಸಿದ್ದರೆ ಬೇರ್ಪಡಿಸಿ. ಹೀಟರ್ ಬ್ಲೋವರ್ ಪೂರ್ತಿ ವೇಗದಲ್ಲಿ ಓಡಿದಾಗ ಆ ವೈರು ತಾಳುವುದಿಲ್ಲ. ಮಾಡ್ಯೂಲ್ ವ್ಯಾಲೆ ಮೋಡಿನಲ್ಲಿದ್ದರೂ (ಕಾರನ್ನು ಬೇರೆಯವರ ಕೈಗೆ ಕೊಡುವಾಗ ರಿಮೋಟ್ ಸ್ಟಾರ್ಟನ್ನು ತಾತ್ಕಾಲಿಕವಾಗಿ ನಿಲ್ಲಿಸಿಡುವ ಮೋಡ್) ರಿಮೋಟಿಗೆ ಸ್ಪಂದಿಸುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಪಾರ್ಕಿಂಗ್ ಲೈಟ್ ಮಿನುಗಿ, ಸೆಲ್ಫ್ ತಿರುಗದಿದ್ದರೆ ಮಾಡ್ಯೂಲ್ ಬದುಕಿದೆ, ಯಾವುದೋ ಸುರಕ್ಷತಾ ವೈರು ಅದನ್ನು ತಡೆಯುತ್ತಿದೆ ಎಂದರ್ಥ. ಎಷ್ಟು ಸಲ ಮಿನುಗಿತು ಎಂಬುದೇ ಕೋಡ್, ಅದರ ಅರ್ಥ ಕಿಟ್ಟಿನ ಮ್ಯಾನುಯಲ್‌ನಲ್ಲಿರುತ್ತದೆ. ಈ ತಡೆಯ ಮೂಲ ಹೆಚ್ಚಾಗಿ ಎರಡೇ ಕಡೆ. ಮೊದಲನೆಯದು ಬಾನೆಟ್ ಪಿನ್ ಸ್ವಿಚ್. ಬಾನೆಟ್ ತೆರೆದಾಗ ಇದು ಅರ್ಥ್ ಆಗಿ ಸ್ಟಾರ್ಟನ್ನು ತಡೆಯುತ್ತದೆ. ರಸ್ತೆಗೆ ಸುರಿಯುವ ಉಪ್ಪು ಕರಗಿ ಸ್ವಿಚ್ಚಿನೊಳಗೆ ಇಳಿದರೆ ಬಾನೆಟ್ ಮುಚ್ಚಿದ್ದರೂ ಅದು ಅರ್ಥ್ ಆಗಿಯೇ ಉಳಿಯುತ್ತದೆ. ವೈರು ಕಳಚಿದ ಕೂಡಲೇ ಕಾರು ಸ್ಟಾರ್ಟ್ ಆದರೆ ಕಳ್ಳ ಸಿಕ್ಕ ಹಾಗೆ. ಆದರೆ ವೈರನ್ನು ಹಾಗೇ ಬಿಡಬೇಡಿ. ಯಾರೋ ಬಾನೆಟ್ ತೆರೆದು ಬೆಲ್ಟಿನ ಹತ್ತಿರ ಕೈ ಇಟ್ಟಾಗ ಇನ್ಯಾರೋ ರಿಮೋಟ್ ಒತ್ತಿದರೆ ಬೆರಳು ಹೋಗುತ್ತದೆ. ಸ್ವಿಚ್ ಅಗ್ಗದ ವಸ್ತು, ಹೊಸದು ಹಾಕಿ.

ಎರಡನೆಯದು ಬ್ರೇಕ್ ವೈರು. ಪೆಡಲ್ ಬಿಟ್ಟಾಗ ಸೊನ್ನೆ, ಒತ್ತಿದಾಗ 12 ವೋಲ್ಟ್ ಬರಬೇಕು. ಬಿಟ್ಟಾಗಲೂ 12 ಇದ್ದರೆ ಕಾರಿನ ಹಿಂದೆ ಹೋಗಿ ನೋಡಿ, ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಪೆಡಲಿನ ತೋಳಿನಲ್ಲಿ, ಸ್ವಿಚ್ಚಿನ ತುದಿ ತಾಗುವ ಕಡೆ ಸಣ್ಣ ಪ್ಲಾಸ್ಟಿಕ್ ಬಿರಡೆ ಇರುತ್ತದೆ. ಹೋಂಡಾ, ಹ್ಯುಂಡೈ ಮುಂತಾದ ಕಾರುಗಳಲ್ಲಿ ವರ್ಷಗಳಾದ ಮೇಲೆ ಅದು ಪುಡಿಯಾಗುತ್ತದೆ. ಆಗ ಸ್ವಿಚ್ಚಿನ ತುದಿ ತೂತಿನೊಳಗೆ ತೂರಿ, ಪೆಡಲ್ ಒತ್ತಿದೆ ಎಂದೇ ಕಾರು ತಿಳಿಯುತ್ತದೆ. ಕಾಲಡಿಯ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಕಂಡರೆ ವೈರಿಂಗ್ ಬಿಚ್ಚುವ ಕೆಲಸವೇ ಇಲ್ಲ.

ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲಿ ನಿಂತುಹೋದರೆ ಮೊದಲ ಅನುಮಾನ ಇಮೊಬಿಲೈಸರ್ ಮೇಲೆ, ಅಂದರೆ ಕೀಲಿಯೊಳಗಿನ ಚಿಪ್ ಗುರುತಿಸದೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆಯ ಮೇಲೆ. ಕೆನಡಾದಲ್ಲಿ ಮಾರುವ ಹೊಸ ಕಾರುಗಳಿಗೆ 2007ರ ಸೆಪ್ಟೆಂಬರ್ 1ರಿಂದ ಅದು ಕಡ್ಡಾಯ. ಆದ್ದರಿಂದ ಆಮೇಲಿನ ಕಾರುಗಳಲ್ಲಿ ಕೀಲಿಯ ಚಿಪ್ ಇದೆ ಎಂದು ಕಾರಿಗೆ ತಿಳಿಸುವ ಬೈಪಾಸ್ ಮಾಡ್ಯೂಲ್ ಇಲ್ಲದೆ ರಿಮೋಟ್ ಸ್ಟಾರ್ಟ್ ನಡೆಯುವುದಿಲ್ಲ. ಪರೀಕ್ಷೆ ಸುಲಭ: ಅಸಲಿ ಕೀಲಿಯನ್ನು ಇಗ್ನಿಷನ್ನಿಗೆ ಹಾಕಿ, ತಿರುಗಿಸದೆ ಬಿಟ್ಟು, ರಿಮೋಟ್ ಒತ್ತಿ. ಈಗ ಎಂಜಿನ್ ಓಡುತ್ತಲೇ ಇದ್ದರೆ ದಪ್ಪ ವೈರುಗಳೆಲ್ಲ ಸರಿಯಿವೆ, ದೋಷ ಬೈಪಾಸಿನಲ್ಲಿ ಅಥವಾ ಅದರ ಪ್ರೋಗ್ರಾಮಿಂಗಿನಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಕೀಲಿ ಇದ್ದೂ ಎಂಜಿನ್ ನಿಂತರೆ, ಅಥವಾ ಎಂಜಿನ್ ಹಿಡಿದ ಮೇಲೂ ಸೆಲ್ಫ್ ಗರಗರ ಎನ್ನುತ್ತಿದ್ದರೆ ಟ್ಯಾಕ್ ವೈರು, ಅಂದರೆ ಎಂಜಿನ್ ವೇಗದ ಸಿಗ್ನಲ್ ತರುವ ವೈರು ನೋಡಿ. ಎಂಜಿನ್ ಸ್ಟಾರ್ಟ್ ಆಯಿತೆಂದು ಮಾಡ್ಯೂಲಿಗೆ ತಿಳಿಯುವುದು ಇದರಿಂದಲೇ. ಗರಗರ ಕೇಳಿದೊಡನೆ ಆಫ್ ಮಾಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರಿನ ಹಲ್ಲು ಸವೆಯುತ್ತದೆ. ಮೀಟರನ್ನು ಏಸಿ ವೋಲ್ಟಿಗೆ ಇಟ್ಟರೆ ಐಡ್ಲಿಂಗಿನಲ್ಲಿ ಸುಮಾರು 1ರಿಂದ 6 ವೋಲ್ಟ್ ತೋರಿಸಿ, ಆಕ್ಸಿಲರೇಟರ್ ಒತ್ತಿದಂತೆ ಏರಬೇಕು. ಸಿಗ್ನಲ್ ಇದ್ದರೆ ಮ್ಯಾನುಯಲ್‌ನಲ್ಲಿ ಹೇಳಿದಂತೆ ಆ ಸಿಗ್ನಲನ್ನು ಮಾಡ್ಯೂಲಿಗೆ ಮತ್ತೆ ಕಲಿಸಿ. ಟ್ಯಾಕ್ ವೈರೇ ಹಾಕದೆ ವೋಲ್ಟೇಜ್ ಏರಿಳಿತ ನೋಡಿ ಊಹಿಸುವ ಮೋಡಿನಲ್ಲಿ ಬಿಟ್ಟಿರುವ ಕಿಟ್ಟುಗಳು ಬೇಸಿಗೆಯಲ್ಲಿ ಚೆನ್ನಾಗಿ ನಡೆದು, ಚಳಿಯಲ್ಲಿ ಬ್ಯಾಟರಿ ಕುಸಿದಾಗ ತಪ್ಪುತ್ತವೆ. ಇಲ್ಲಿನ ಚಳಿಗೆ ಆ ಮೋಡ್ ಬೇಡವೇ ಬೇಡ.

ಅತಿ ಹೆಚ್ಚು ದಾರಿ ತಪ್ಪಿಸುವುದು ಅರ್ಥಿಂಗ್. ಓಮ್ ಮೀಟರಿನಲ್ಲಿ ನೋಡಿದರೆ ಸರಿಯಾಗೇ ಕಾಣುತ್ತದೆ. ಮೀಟರ್ ಹರಿಸುವ ಕರೆಂಟು ತೀರಾ ಕಡಿಮೆ, ಅದಕ್ಕೆ ಒಂದೇ ಎಳೆ ಉಳಿದಿದ್ದರೂ ಸಾಕು. ಲೋಡ್ ಬಂದಾಗ ಆ ಎಳೆ ಸೋಲುತ್ತದೆ. ಆದ್ದರಿಂದ ಲೋಡ್ ಇರುವಾಗಲೇ ಅಳೆಯಬೇಕು: ಒಂದು ಪ್ರೋಬ್ ಮಾಡ್ಯೂಲಿನ ಅರ್ಥ್ ವೈರಿನ ತುದಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ (ಕ್ಲ್ಯಾಂಪಿಗಲ್ಲ), ಆಮೇಲೆ ರಿಮೋಟ್ ಒತ್ತಿ. 0.2 ವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ರಿಂಗ್ ಬಣ್ಣದ ಮೇಲೋ ತುಕ್ಕಿನ ಮೇಲೋ ಕೂತಿದೆ. ಲೋಹ ಹೊಳೆಯುವವರೆಗೆ ಕೆರೆದು, ಬಾಡಿಯ ಗಟ್ಟಿ ಲೋಹಕ್ಕೆ ಬಿಗಿಯಿರಿ.

ಜಾಯಿಂಟುಗಳಲ್ಲಿ ಶತ್ರು ನಂಬರ್ ಒಂದು, ಪ್ಲಾಸ್ಟಿಕ್ಕಿನ ಒತ್ತು ಕ್ಲಿಪ್ಪು. ಬಿಚ್ಚಿದರೆ ಒಳಗಿನ ತಗಡು ಕೆಲವು ಎಳೆಗಳನ್ನು ಕತ್ತರಿಸಿ, ಉಳಿದವು ಹಸಿರುಗಟ್ಟಿರುವುದು ಕಾಣುತ್ತದೆ. ಅದನ್ನು ತೆಗೆದು, ವೈರಿನ ಇನ್ಸುಲೇಷನ್ ಸುಮಾರು 2 ಸೆಂಟಿಮೀಟರ್ ಸುಲಿದು, ಎಳೆಗಳ ನಡುವೆ ತೂತು ಬಿಡಿಸಿ, ಹೊಸ ವೈರನ್ನು ಅದರೊಳಗೆ ತೂರಿಸಿ ಸುತ್ತಿ ಬೆಸುಗೆ ಹಾಕುತ್ತೇನೆ. ಮೇಲೆ ಬಟ್ಟೆಯ ಹಾರ್ನೆಸ್ ಟೇಪು. ಅಗ್ಗದ ಪ್ಲಾಸ್ಟಿಕ್ ಟೇಪಿನ ಅಂಟು ಚಳಿಗೆ ಬಿಟ್ಟುಕೊಳ್ಳುತ್ತದೆ. ಬೆಸುಗೆ ಬಿದ್ದ ಜಾಗ ಬಿರುಸಾಗುವುದರಿಂದ ಅದರ ಎರಡೂ ಬದಿ ವೈರನ್ನು ಕಟ್ಟಿಡಿ.

ಬ್ಯಾಟರಿಯನ್ನೂ ಮರೆಯಬೇಡಿ. ಅದರ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ ಅಂಕಿ ಮೈನಸ್ 18 ಡಿಗ್ರಿಯ ಲೆಕ್ಕ, ಮೈನಸ್ 30ಕ್ಕೆ ಅಷ್ಟೂ ಸಿಗುವುದಿಲ್ಲ. ಗ್ಯಾರೇಜಿನ ಬೆಚ್ಚಗಿನ ಜಾಗದಲ್ಲೂ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗಿಳಿದರೆ ಅದು ಬ್ಯಾಟರಿಯ ತೊಂದರೆ.

ರಿಪೇರಿ ಮುಗಿದ ಮೇಲೆ ಪ್ಯಾನೆಲ್ ಮುಚ್ಚುವ ಮೊದಲು ಮೂರು ಪರೀಕ್ಷೆ, ಬಯಲಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ. ಬಾನೆಟ್ ತೆರೆದು, ದೂರ ನಿಂತು ರಿಮೋಟ್ ಒತ್ತಿ: ಸ್ಟಾರ್ಟ್ ಆಗಬಾರದು. ರಿಮೋಟಿನಲ್ಲಿ ಓಡುತ್ತಿರುವಾಗ ಬ್ರೇಕ್ ಒತ್ತಿ: ನಿಲ್ಲಬೇಕು. ಕೊನೆಗೆ ಸೀಟಿನಲ್ಲಿ ಕೂತು, ಕೀಲಿ ಆನ್ ಮಾಡಿ, ಗೇರನ್ನು ಡ್ರೈವಿಗೆ ಹಾಕಿ, ಕಾಲನ್ನು ಬ್ರೇಕಿಗೆ ತಾಗದಂತೆ ಅದರ ಮೇಲೇ ಸಿದ್ಧವಾಗಿಟ್ಟು ರಿಮೋಟ್ ಒತ್ತಿ: ಸೆಲ್ಫ್ ಅಲ್ಲಾಡಬಾರದು. ಅಲ್ಲಾಡಿದರೆ ತಕ್ಷಣ ಬ್ರೇಕ್ ಒತ್ತಿ, ಕೀಲಿ ಆಫ್ ಮಾಡಿ. ಅಂಥ ಕಾರಿನಲ್ಲಿ ನ್ಯೂಟ್ರಲ್ ಸೇಫ್ಟಿ (ಗೇರಿನಲ್ಲಿರುವಾಗ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಸರಿಯಾಗುವವರೆಗೆ ಕಿಟ್ಟಿನ ಮುಖ್ಯ ಫ್ಯೂಸುಗಳನ್ನು ತೆಗೆದಿಡಿ.