ತೋರಾ ಬರೆಸುವ ಮುಂಚೆ ಬರೆಯುವವನನ್ನು ಏನು ಕೇಳಬೇಕು?

ಜೆರುಸಲೇಮಿನಲ್ಲಿ ಯಹೂದಿಗಳಾದ ನಮ್ಮ ಧರ್ಮಗ್ರಂಥ ತೋರಾವನ್ನು ಸುರುಳಿಯ ಮೇಲೆ ಕೈಯಿಂದ ಬರೆಯುವುದು ನನ್ನ ಕಸುಬು. ಈ ಕೆಲಸ ಮಾಡುವವರನ್ನು ನಮ್ಮಲ್ಲಿ ಸೋಫರ್ ಎನ್ನುತ್ತಾರೆ. ಬರೆಸಲು ಬಂದವರು ಮೊದಲು ಅಕ್ಷರ ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ, ಯಾವಾಗ ಮುಗಿಯುತ್ತೆ ಅಂತ ಕೇಳುತ್ತಾರೆ. ಹೇಗೆ ಬರೆಯುತ್ತೀರಿ ಅಂತ ಕೇಳುವವರು ಕಡಿಮೆ. ಅದನ್ನೇ ಮೊದಲು ಕೇಳಬೇಕು.

ತನಗಾಗಿ ಒಂದು ತೋರಾ ಬರೆಯಬೇಕು ಎನ್ನುವುದು ನಮ್ಮ 613 ಆಜ್ಞೆಗಳಲ್ಲಿ ಕೊನೆಯದು. ಅಪ್ಪ, ಅಜ್ಜ ಬಿಟ್ಟುಹೋದ ಸುರುಳಿ ಇದ್ದರೂ ಸ್ವಂತದ್ದು ಬರೆಯಬೇಕು ಎಂದು ನಮ್ಮ ಹಿಂದಿನ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ರಾವಾ ಎಂಬ ಗುರು ಹೇಳಿದ್ದಾರೆ. ಬರೆಯಲು ಬಾರದವರ ಪರವಾಗಿ ನಾನು ಬರೆಯುತ್ತೇನೆ.

ಬೆಳಿಗ್ಗೆ ಶುದ್ಧಿಯ ಕೊಳವಾದ ಮಿಕ್ವೆಯಲ್ಲಿ ಮುಳುಗಿ ಬಂದು ಕೂರುತ್ತೇನೆ. ಸುರುಳಿಗೆ ಕೋಷರ್, ಅಂದರೆ ತಿನ್ನಲು ನಮ್ಮ ಧರ್ಮ ಒಪ್ಪುವ ಪ್ರಾಣಿಯ ಚರ್ಮವೇ ಆಗಬೇಕು, ಹದ ಮಾಡುವಾಗಲೇ ಇದು ತೋರಾಕ್ಕಾಗಿ ಎಂಬ ಉದ್ದೇಶವೂ ಇರಬೇಕು. ಶಾಯಿಗೆ ಮಾಚಿಕಾಯಿ, ಗೋಂದು, ಅನ್ನಭೇದಿ. ಬರೆಯುವುದು ಟರ್ಕಿ ಕೋಳಿಯ ಗರಿಯಿಂದ. ಮೊದಲು ಬೇರೆ ತುಂಡಿನ ಮೇಲೆ ಇಸ್ರೇಲಿಗರ ಹಳೆಯ ಶತ್ರುವಾದ ಅಮಾಲೇಕ್ ಹೆಸರು ಬರೆದು ಹೊಡೆದುಹಾಕುತ್ತೇನೆ. ಆ ಹೆಸರನ್ನು ಅಳಿಸಬೇಕು ಎಂದು ತೋರಾದಲ್ಲೇ ಇದೆ, ಗರಿಯ ಪರೀಕ್ಷೆಯೂ ಆಯಿತು.

ನೆನಪಿನಿಂದ ಬರೆಯುವ ಹಾಗಿಲ್ಲ. ಎದುರಿಗೆ ಸರಿಯಾದ ಪ್ರತಿ ಇಟ್ಟುಕೊಂಡು, ಒಂದೊಂದು ಪದವನ್ನೂ ಬಾಯಿಬಿಟ್ಟು ಓದಿ ಬರೆಯಬೇಕು. ಒಂದು ಅಕ್ಷರ ಇನ್ನೊಂದಕ್ಕೆ ತಾಗಬಾರದು, ಪ್ರತಿಯೊಂದರ ಸುತ್ತ ಖಾಲಿ ಚರ್ಮ ಕಾಣಬೇಕು. ದೇವರ ಹೆಸರು ಬಂದಾಗಲೆಲ್ಲ ಗರಿ ನಿಲ್ಲಿಸಿ, ಈ ಹೆಸರಿನ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ ಎಂದು ಹೇಳಿಯೇ ಮುಂದುವರಿಯುತ್ತೇನೆ. ಆ ಹೆಸರು ಮುಗಿಯುವವರೆಗೆ ಇಸ್ರೇಲಿನ ರಾಜನೇ ಬಂದು ಕ್ಷೇಮ ವಿಚಾರಿಸಿದರೂ ಉತ್ತರ ಕೊಡಬಾರದು. ಬೇರೆ ಪದ ತಪ್ಪಿದರೆ ಬ್ಲೇಡಿನಿಂದ ಕೆರೆದು ತಿದ್ದಬಹುದು. ದೇವರ ಹೆಸರನ್ನು ಅಳಿಸುವಂತಿಲ್ಲ. ಅಲ್ಲಿ ತಿದ್ದಲಾಗದ ತಪ್ಪಾದರೆ ಆ ಹಾಳೆಯನ್ನೇ ತೆಗೆದು ಬಳಸಲಾಗದ ಪವಿತ್ರ ಬರಹಗಳನ್ನು ಇಡುವ ಗೆನೀಜಾದಲ್ಲಿ ಇಡಬೇಕು, ಹೊಸದು ಬರೆಯಬೇಕು.

ಈಗ ನನಗೆ ಮುಖ್ಯವಾದ ವಿಷಯ. ಒಟ್ಟು 304,805 ಅಕ್ಷರ. ಬಿಟ್ಟುಹೋದ ಅಕ್ಷರವನ್ನು ಕಂಪ್ಯೂಟರ್ ಸ್ಕ್ಯಾನ್ ಹಿಡಿಯುತ್ತದೆ, ಅಂಟಿಕೊಂಡ ಅಕ್ಷರವನ್ನು ಪರೀಕ್ಷಕರು ಹಿಡಿಯುತ್ತಾರೆ, ಆದರೆ ಆ ಹೆಸರಿನ ಮುಂದೆ ನಾನು ನಿಂತೆನೋ, ಸುಮ್ನೆ ಬರೆದುಕೊಂಡು ಹೋದೆನೋ ಎನ್ನುವುದನ್ನು ಯಾವ ಯಂತ್ರವೂ ಹೇಳಲಾರದು. ತಾಲ್ಮುದಿನಲ್ಲಿ ಒಬ್ಬ ಸೋಫರ್, ಅಮಿ ಎಂಬ ರಬ್ಬಿಯ (ಧರ್ಮಗುರುವಿನ) ಹತ್ತಿರ ಬಂದು, ಇಂಥವರಿಗೆ ಬರೆದುಕೊಟ್ಟ ಸುರುಳಿಯಲ್ಲಿ ದೇವರ ಹೆಸರುಗಳನ್ನು ಆ ಉದ್ದೇಶದಿಂದ ಬರೆಯಲಿಲ್ಲ ಎನ್ನುತ್ತಾನೆ. ಸುರುಳಿ ಆಗಲೇ ಕೊಂಡವನ ಕೈಯಲ್ಲಿತ್ತು. ನಿನ್ನ ಮಾತು ನಿನ್ನ ಕೂಲಿ ಕಳೆಯಲು ಸಾಕು, ಸುರುಳಿ ಕೆಡಿಸಲು ಸಾಲದು ಎಂದರು ರಬ್ಬಿ. ಕೂಲಿ ಪೂರ್ತಿ ಹೋಯಿತು, ಏಕೆಂದರೆ ಅವನ ಮಾತಿನ ಪ್ರಕಾರವೇ ನೋಡಿದರೆ ಹಾಗೆ ಬರೆದ ಸುರುಳಿಗೆ ಬೆಲೆಯೇ ಇಲ್ಲ.

ಅದಕ್ಕೇ ನನ್ನಂಥವನ ಹತ್ತಿರ ಬಂದಾಗ ಯಾರ ಬಳಿ ಕಲಿತೆ, ಹಲಾಖಾ, ಅಂದರೆ ನಮ್ಮ ಧರ್ಮನಿಯಮಗಳ ಪರೀಕ್ಷೆ ಪಾಸಾದ ಪತ್ರ ಇದೆಯಾ, ದಿನಕ್ಕೆ ಎಷ್ಟು ಹೊತ್ತು ಕೂರುತ್ತೀಯ ಎಂದು ಕೇಳಿ. ಅವನ ಊರಲ್ಲಿ ವಿಚಾರಿಸಿ. ಒಂದು ಸುರುಳಿಗೆ ಸಾಮಾನ್ಯವಾಗಿ ವರ್ಷ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ತೀರಾ ಅಗ್ಗಕ್ಕೆ, ಬೇಗ ಮುಗಿಸಿಕೊಡುತ್ತೇನೆ ಎಂದರೆ ನಾನಾದರೆ ಒಪ್ಪಲ್ಲ.

ಕೊನೆಯ ಕೆಲವು ಅಕ್ಷರಗಳ ಅಂಚು ಮಾತ್ರ ಬರೆದು ಬಿಡುವ ರೂಢಿ ಇದೆ. ಮುಕ್ತಾಯದ ದಿನ ಮನೆಯವರು ಬಂದು ಅವನ್ನು ತುಂಬುತ್ತಾರೆ. ಹೊಸದು ಬರೆಸುವಷ್ಟು ಹಣ ಇಲ್ಲದವರು ದೋಷವಿರುವ ಹಳೆಯ ಸುರುಳಿಯನ್ನು ತಿದ್ದಿಸಬಹುದು. ಒಂದೇ ಅಕ್ಷರ ತಿದ್ದಿದರೂ ಪೂರ್ತಿ ಬರೆದಂತೆ ಎಂದು ತಾಲ್ಮುದ್ ಹೇಳುತ್ತದೆ. ತಿದ್ದುವಾಗ ನನ್ನ ಪಕ್ಕದಲ್ಲೇ ಕೂತು, ಗರಿ ಇಡುವ ಮುಂಚೆ ನಾನು ಏನು ಹೇಳುತ್ತೇನೆ ಎಂದು ಕೇಳಿಸಿಕೊಳ್ಳಿ.